ಮೈಯೊಳಗೆ ಹೇರಿದ ಭಾರ

2025ರ ಮೇ ತಿಂಗಳಿನಲ್ಲಿ ಶ್ರೀನಗರದ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯವು, ವಂಶವಾಹಿಯನ್ನು ತಿದ್ದಿ ಪಡೆದ ಭಾರತದ ಮೊದಲನೆಯ ಕುರಿಮರಿಯು ತನ್ನಲ್ಲಿ ಜನಿಸಿದೆಯೆಂದು ಪ್ರಕಟಿಸಿತು. ಡಾ. ರಿಯಾಜ್ ಅಹ್ಮದ್ ಶಾ ಅವರ ತಂಡವು ಈ ಕಾರ್ಯವನ್ನು ನೆರವೇರಿಸಿದೆ. 2012ರಲ್ಲಿ ಪಶ್ಮೀನಾ ಮೇಕೆಯ ತದ್ರೂಪು 'ನೂರಿ'ಯನ್ನು ಪಡೆದವರೂ ಇವರೇ. ಈ ತಿದ್ದುಪಡಿಯಿಂದ ಸ್ನಾಯುರಾಶಿಯು ಸುಮಾರು ಶೇಕಡಾ 30ರಷ್ಟು ಹೆಚ್ಚುವುದೆಂದೂ, ಮರಿಯ ಶರೀರದಲ್ಲಿ ಅನ್ಯಜೀವಿಯ ಡಿಎನ್‌ಎ ಇಲ್ಲವೆಂದೂ ಹೇಳಲಾಗಿದೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ನಮ್ಮ ಶ್ರಾವಕರಲ್ಲಿ ಕೆಲವರು ಇದು ದೂರದ ಕಾಶ್ಮೀರದ ಮಾತೆಂದು ತಳ್ಳಿಹಾಕಿದರು. ಮತ್ತೆ ಕೆಲವರು ಘೋರ ಪಾಪವೆಂದು ಒಂದೇ ಮಾತಿನಲ್ಲಿ ಮುಗಿಸಿದರು. ಎರಡೂ ಅವಸರದ ತೀರ್ಮಾನಗಳೆಂದು ನನ್ನ ಅಭಿಪ್ರಾಯ.

ಪ್ರಾಣಿಗಳ ಶರೀರದಲ್ಲಿ ಮಯೋಸ್ಟಾಟಿನ್ ಎಂಬ ಪ್ರೋಟೀನು ಸ್ನಾಯುಗಳ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. 1997ರಲ್ಲಿ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಣುಜೀವವಿಜ್ಞಾನಿ ಸೆ-ಜಿನ್ ಲೀ ಮತ್ತು ಅವರ ಸಹೋದ್ಯೋಗಿ ಅಲೆಕ್ಸಾಂಡ್ರಾ ಮ್ಯಾಕ್‌ಫೆರನ್ ಇಲಿಗಳಲ್ಲಿ ಆ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದಾಗ ಅವುಗಳ ಸ್ನಾಯುಗಳು ಎರಡು ಮೂರು ಪಟ್ಟು ತೂಗಿದವು. ಬೆಲ್ಜಿಯನ್ ಬ್ಲೂ ಎಂಬ ದನಗಳ ಉಬ್ಬಿದ ಮೈಗೂ ಇದೇ ವಂಶವಾಹಿಯ ದೋಷವೇ ಕಾರಣವೆಂದು ಅದೇ ವರ್ಷ ತಿಳಿದುಬಂದಿತು. ಆ ದನಗಳಲ್ಲಿ ಯಾರೂ ಪ್ರಯೋಗಶಾಲೆಯಲ್ಲಿ ಏನನ್ನೂ ತಿದ್ದಿರಲಿಲ್ಲ. ತಾನಾಗಿ ಮೂಡಿದ ದೋಷವನ್ನು ಮಾಂಸದ ಆಸೆಗಾಗಿ ತಲೆಮಾರುಗಳವರೆಗೆ ಆರಿಸಿ ಆರಿಸಿ ಉಳಿಸಿಕೊಂಡಿದ್ದರು.

ನನ್ನ ಆಕ್ಷೇಪಣೆ ಇಲ್ಲಿಂದಲೇ ಆರಂಭವಾಗುತ್ತದೆ. ಅನ್ಯಜೀವಿಯ ಡಿಎನ್‌ಎ ಇಲ್ಲವೆಂಬುದನ್ನು ನಿರ್ದೋಷಿತ್ವದ ಪ್ರಮಾಣಪತ್ರದಂತೆ ಮುಂದಿಡಲಾಗುತ್ತಿದೆ. ಬೆಲ್ಜಿಯನ್ ಬ್ಲೂ ದನದಲ್ಲಿಯೂ ಅದು ಇಲ್ಲ. ಆದರೂ ಆ ತಳಿಯ ಹತ್ತು ಕರುಗಳಲ್ಲಿ ಒಂಬತ್ತಕ್ಕಿಂತ ಹೆಚ್ಚು ತಾಯಿಯ ಹೊಟ್ಟೆಯನ್ನು ಕೊಯ್ದೇ ಹೊರಬರುತ್ತವೆ. ಸಹಜವಾಗಿ ಈಯಲಾರದ ಪಶುವನ್ನು ಒಂದು ತಳಿಯೆಂದು ಸಾಕುವುದಾದರೆ, ಅದರ ಡಿಎನ್‌ಎ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಏನು ಬೆಲೆ?

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅನ್ನಪಾನವನ್ನು ತಡೆಯುವುದು, ಮತ್ತು ಅತಿಭಾರಾರೋಪಣ. ಚಕ್ಕಡಿಯ ಎತ್ತಿನ ಮೇಲೆ ಹೆಚ್ಚು ಚೀಲ ಹೇರಬಾರದೆಂದು ನಾವು ಇದಕ್ಕೆ ಅರ್ಥ ಹೇಳುತ್ತ ಬಂದಿದ್ದೇವೆ. ಚೀಲವನ್ನಾದರೂ ಸಂಜೆಗೆ ಇಳಿಸಬಹುದು. ಮೈಯೊಳಗೆ ಹೇರಿದ ಭಾರವನ್ನು ಇಳಿಸುವವರು ಯಾರು? ಹೊಟ್ಟೆಪಾಡಿನ ಉದ್ಯೋಗಿ ಹಿಂಸೆಗೆ ಗೃಹಸ್ಥನಿಗೆ ಇರುವ ರಿಯಾಯಿತಿಯು ಈ ಬಗೆಯ ಮುಂದಾಲೋಚನೆಯ ಕೃತ್ಯಕ್ಕೆ ಸಲ್ಲದು. ಇದು ಸಂಕಲ್ಪಿ ಹಿಂಸೆಯ ಅಂಚಿನಲ್ಲಿದೆ.

ಆದರೆ ನ್ಯಾಯವಾಗಿ ಇನ್ನೆರಡು ಮಾತು ಹೇಳಲೇಬೇಕು. ಇಟಲಿಯ ಪಿಯೆಡ್‌ಮಾಂಟೀಸ್ ದನದಲ್ಲಿಯೂ ಇದೇ ವಂಶವಾಹಿಯ ದೋಷವಿದೆ. ಅಲ್ಲಿಯವರು ಸುಲಭವಾಗಿ ಈಯುವ ಹಸುಗಳನ್ನು ಆರಿಸುತ್ತ ಬಂದುದರಿಂದ ಆ ಸಂಕಟ ಬಹಳ ಕಡಿಮೆ. ದೋಷವು ವಂಶವಾಹಿಯಲ್ಲಿ ಅಷ್ಟಿಲ್ಲ, ಆರಿಸುವವನ ಮನಸ್ಸಿನಲ್ಲಿದೆ. ಎರಡನೆಯದು, ಸ್ನಾಯುಗಳು ಕ್ಷಯಿಸುವ ಕಾಯಿಲೆಯ ಮಕ್ಕಳಿಗೆ ಮಯೋಸ್ಟಾಟಿನ್ ತಡೆಯುವ ಔಷಧಿಯಿಂದ ಲಾಭವಾದೀತೆಂದು ವೈದ್ಯರು ಹುಡುಕಾಟ ನಡೆಸಿದ್ದಾರೆ. ಈವರೆಗಿನ ಕೆಲವು ಪ್ರಯತ್ನಗಳು ಸಫಲವಾಗಿಲ್ಲ. ಆದರೂ ಅಂಥ ಮಗುವಿನ ತಾಯಿಯ ಎದುರು ನಿಂತು ಈ ಜ್ಞಾನವೇ ಬೇಡವೆನ್ನಲು ನನಗೆ ಧೈರ್ಯವಿಲ್ಲ.

ನಮ್ಮ ಪೂರ್ವಿಕರೂ ಪಶುಶರೀರವನ್ನು ಶೋಧಿಸಿದವರೇ. ಚಾಲುಕ್ಯ ರಾಜಪುತ್ರ, ಜೈನನಾದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಎತ್ತು ಇಲ್ಲದೆ ಉಳುಮೆಯಿಲ್ಲವೆಂಬ ಸ್ವಾರ್ಥ ಆ ಕಾಲದಲ್ಲಿಯೂ ಇದ್ದೀತು. ಆದರೂ ಅಲ್ಲಿ ವೈದ್ಯನ ಕೈ ರೋಗದ ಮೇಲೆ ಇತ್ತು. ಇಲ್ಲಿ ಆರೋಗ್ಯವಂತ ಪ್ರಾಣಿಯ ಮೇಲೆ ಇದೆ.

ನಮ್ಮ ಎರೆಹೊಲಗಳಲ್ಲಿ ತಿರುಗುವ ಕರಿಯ ಉಣ್ಣೆಯ ಡೆಕ್ಕನಿ ಕುರಿಯನ್ನೇ ನೋಡಿರಿ. ಸುಗ್ಗಿ ಮುಗಿದ ಮೇಲೆ ಹಿಂಡನ್ನು ಹೊಲದಲ್ಲಿ ನಿಲ್ಲಿಸಿ ಗೊಬ್ಬರ ಪಡೆಯುವ ರೈತನಿಗೂ, ಕಂಬಳಿ ನೇಯುವವನಿಗೂ ಬೇಕಾದುದು ಬಿಸಿಲಿನಲ್ಲಿ ಹರದಾರಿಗಟ್ಟಲೆ ನಡೆಯಬಲ್ಲ ಹಗುರ ಮೈ. ಇಂಥ ಕುರಿಗೆ ಹೆಚ್ಚಿನ ಮಾಂಸವನ್ನು ಹೊರಿಸಿದರೆ ಅದರಿಂದ ಕುರಿಗಾಗಲಿ ಕುರುಬನಿಗಾಗಲಿ ಏನು ಲಾಭ? ಲಾಭ ಕಟುಕರ ತಕ್ಕಡಿಗೆ ಮಾತ್ರ.

ಕಟುಕರ ತಕ್ಕಡಿಯೆಂದೆ, ನನ್ನ ತಕ್ಕಡಿಯನ್ನು ಮರೆಯಲಾರೆ. ಮೂವತ್ತು ವರ್ಷ ಹತ್ತಿಕಾಳು, ಹಿಂಡಿ ಮಾರಿದವನು ನಾನು. ಉಳುವ ಎತ್ತಿಗೆಂದು ಒಯ್ದವರೆಷ್ಟು, ಟಗರನ್ನು ಕೊಬ್ಬಿಸಲು ಒಯ್ದವರೆಷ್ಟು ಎಂದು ಖಾತೆಯಲ್ಲಿ ಬರೆಯಲಿಲ್ಲ, ಕೇಳಲೂ ಇಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ನನ್ನದು ಯಾವುದೆಂದು ಪೂಜ್ಯ ಮುನಿಗಳನ್ನು ಕೇಳುವ ಸಂದರ್ಭ ಬಂದಾಗಲೂ ಮಾತನ್ನು ಬೇರೆಡೆ ತಿರುಗಿಸಿದ್ದೇನೆ.

ಆದುದರಿಂದ ವಿಜ್ಞಾನಿಗಳನ್ನು ಬೈಯುವ ಠರಾವು ನನಗೆ ಬೇಡ. ನಮ್ಮ ಬಸದಿಗಳ ಟ್ರಸ್ಟುಗಳು ಸೇರಿ ಆ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆಯಲಿ. ಈ ಒಂದು ಮರಿಗಾಗಿ ಎಷ್ಟು ಕುರಿಗಳಲ್ಲಿ ಭ್ರೂಣವನ್ನಿರಿಸಲಾಯಿತು? ಎಷ್ಟು ಗರ್ಭಗಳು ನಿಲ್ಲಲಿಲ್ಲ? ಈ ವಂಶದ ಹೆಣ್ಣುಕುರಿಗಳು ಮುಂದೆ ತಾವಾಗಿ ಈಯುವವೋ, ಕೊಯ್ಯಬೇಕಾಗುವುದೋ? ಈ ಲೆಕ್ಕವನ್ನು ಶೇಕಡಾ 30ರ ಪಕ್ಕದಲ್ಲಿಯೇ ಪ್ರಕಟಿಸಬೇಕೆಂದು ವಿನಂತಿಸೋಣ. ಪತ್ರದ ಕರಡನ್ನು ಸಿದ್ಧಪಡಿಸಿದ್ದೇನೆ. ಪರ್ಯುಷಣದ ಮೊದಲು ಸಭೆ ಕರೆದರೆ ಓದುತ್ತೇನೆ.