ಸುಶ್ರುತಸಂಹಿತೆಯ ಜಲತ್ರಾಸ ಪ್ರಕರಣ

ಹುಚ್ಚುನಾಯಿಯ ಕಡಿತವನ್ನು ಕುರಿತು ಸುಶ್ರುತಸಂಹಿತೆಯ ಕಲ್ಪಸ್ಥಾನದ 7ನೆಯ ಅಧ್ಯಾಯದಲ್ಲಿ ಬರುವ ಶ್ಲೋಕಗಳು ಕೆಲವೇ ಆದರೂ, ಅವುಗಳ ಮೇಲೆ ಹೊರಿಸಲ್ಪಟ್ಟಿರುವ ಅರ್ಥಭಾರವು ಅಲ್ಪವಲ್ಲ. ಲೂಯಿ ಪಾಶ್ಚರನು 1885ರಲ್ಲಿ ಪ್ರಯೋಗಿಸಿದ ಚುಚ್ಚುಮದ್ದಿನ ತತ್ತ್ವವು ಇಲ್ಲಿ ಮೊದಲೇ ಉಕ್ತವಾಗಿದೆಯೆಂದು ಸಂಭ್ರಮಿಸುವುದೂ ಸುಲಭ. ಇದೆಲ್ಲವೂ ಮೂಢನಂಬಿಕೆಯೆಂದು ತಳ್ಳುವುದೂ ಸುಲಭ. ಮೂಲವನ್ನು ನಿಧಾನವಾಗಿ ಓದಿದರೆ ಎರಡು ಪಕ್ಷಗಳೂ ನಿಲ್ಲವು.

ಲಕ್ಷಣಭಾಗವೇ ಈ ಪ್ರಕರಣದ ಸಾರ. ಹುಚ್ಚು ಹಿಡಿದ ಪ್ರಾಣಿಯ ಬಾಲ, ದವಡೆ, ಹೆಗಲುಗಳು ಜೋತುಬೀಳುವುದು, ಜೊಲ್ಲು ಸುರಿಯುವುದು. ಕಚ್ಚಿದೆಡೆಯಲ್ಲಿ ಸ್ಪರ್ಶಜ್ಞಾನವಳಿದು ಕಪ್ಪುರಕ್ತ ಸ್ರವಿಸುವುದು. ರೋಗಿಯು ತನ್ನನ್ನು ಕಚ್ಚಿದ ಪ್ರಾಣಿಯ ಚೇಷ್ಟೆಯನ್ನೂ ಕೂಗನ್ನೂ ಅನುಕರಿಸುವುದು, ಇವೆಲ್ಲವೂ ಮಿತವಾದ ಮಾತಿನಲ್ಲಿ ನಿರೂಪಿತವಾಗಿವೆ. ನೀರನ್ನು ಕಂಡೊಡನೆ, ಮುಟ್ಟಿದೊಡನೆ ಬೆಚ್ಚುವವನು ಬದುಕನೆಂಬ ನಿರ್ಣಯದಲ್ಲಿ ಸಂದೇಹದ ಸುಳಿವಿಲ್ಲ. ನುಂಗಲು ಹೊರಟಾಗ ಗಂಟಲಿನ ಮತ್ತು ಉಸಿರಾಟದ ಸ್ನಾಯುಗಳು ಸೆಟೆದು ಬಿಗಿಯುವುದೇ ಆ ಭಯದ ಮೂಲವೆಂದು ಈಗ ತಿಳಿದಿದೆ. ಗ್ರಂಥವು ಹೇಳುವ ವಾತಕಫಗಳ ಕಾರಣವು ಬಿದ್ದುಹೋದರೂ ನಿರ್ಣಯವು ಬೀಳಲಿಲ್ಲ. ಲಕ್ಷಣಗಳು ಮೂಡಿದ ಮೇಲೆ ಉಳಿದವರು ಇಂದಿಗೂ ಅತಿ ವಿರಳ. ಕಚ್ಚಿದ ಪ್ರಾಣಿಯ ರೂಪವನ್ನು ನೀರಿನಲ್ಲಾಗಲಿ ಕನ್ನಡಿಯಲ್ಲಾಗಲಿ ಕಾಣುವುದು ಅರಿಷ್ಟವೆಂಬ ಮಾತನ್ನೂ ಕವಿಕಲ್ಪನೆಯೆಂದು ಬಿಡಬೇಕಾಗಿಲ್ಲ. ಕೆರಳಿದ ಮಿದುಳಿನ ಭ್ರಾಂತಿಯನ್ನು ಹಾಸಿಗೆಯ ಬಳಿ ಕುಳಿತು ನೋಡಿದವರ ಮಾತು ಅದಾಗಿರಬಹುದು.

ವಿವಾದವೆಲ್ಲ ಚಿಕಿತ್ಸಾಭಾಗದ್ದು. ಗಾಯದ ರಕ್ತವನ್ನು ಹೊರಡಿಸಿ, ಕಾಯ್ದ ತುಪ್ಪದಿಂದ ಸುಟ್ಟು, ಅಗದವನ್ನು ಲೇಪಿಸಿ, ಹಳೆಯ ತುಪ್ಪವನ್ನು ಕುಡಿಸಬೇಕೆಂದ ಬಳಿಕ, ವಿಷವು ತಾನಾಗಿ ಕೆರಳುವ ಮುನ್ನ ವೈದ್ಯನೇ ಅದನ್ನು ಕೆರಳಿಸಬೇಕೆಂದು ವಿಧಿಸಿದೆ. ಅದಕ್ಕಾಗಿ ಉಮ್ಮತ್ತ ಬೆರೆಸಿದ ಅಪ್ಪವನ್ನು ತಿನ್ನಿಸಿ, ವಿಕಾರಗೊಂಡವನನ್ನು ನೀರಿಲ್ಲದ ತಂಪು ಮನೆಯಲ್ಲಿರಿಸಬೇಕು. ಇಲ್ಲಿ ಪಾಶ್ಚರನನ್ನು ಕಾಣಲು ಕೆರಳಿಸುವುದೆಂಬ ಮಾತೊಂದೇ ಆಧಾರ. ಪಾಶ್ಚರನು ಕೊಟ್ಟದ್ದು ರೋಗದಿಂದ ಸತ್ತ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಶಕ್ತಿಗುಂದಿಸಿದ ಅದೇ ರೋಗಾಂಶವನ್ನು. ಉಮ್ಮತ್ತದ ಉನ್ಮಾದವಾದರೋ ಗಿಡದ ವಿಷದ ಪರಿಣಾಮ. ಅದು ವೈರಸ್ಸನ್ನು ಕೆಣಕದು, ಅದನ್ನು ಗುರುತಿಸುವುದನ್ನು ದೇಹಕ್ಕೆ ಕಲಿಸದು. ಲಕ್ಷಣಸಾಮ್ಯವನ್ನು ತತ್ತ್ವಸಾಮ್ಯವೆಂದು ಹಿಡಿದದ್ದೇ ಈ ವ್ಯಾಖ್ಯಾನದ ದೋಷ.

ಆದರೆ ಆ ವಿಧಿಯಲ್ಲಿ ಅಡಗಿರುವ ಕಾಲವಿವೇಕವು ನಿಜವಾದದ್ದು. ಕಡಿತಕ್ಕೂ ರೋಗಕ್ಕೂ ನಡುವೆ ಅವಕಾಶವಿದೆ, ವೈದ್ಯನ ಕೆಲಸವೆಲ್ಲ ಅದರಲ್ಲಿಯೇ ಮುಗಿಯಬೇಕು ಎಂಬುದನ್ನು ಗ್ರಂಥವು ಅರಿತಿತ್ತು. ವೈರಸ್ಸು ನರಗಳ ಹಾದಿಯಲ್ಲಿ ಮಿದುಳನ್ನು ಸೇರಲು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳು ಹಿಡಿಯುತ್ತವೆ. ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆಯುವುದೂ, ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೊಡುವುದೂ, ಲಸಿಕೆ ಹಾಕುವುದೂ ಆ ಅವಧಿಯನ್ನೇ ನಂಬಿವೆ. ಅನಂತರ ಜೊಲ್ಲಿನಲ್ಲಿಯೂ ಕತ್ತಿನ ಚರ್ಮದಲ್ಲಿಯೂ ವೈರಸ್ಸನ್ನು ಪತ್ತೆಹಚ್ಚಿದರೂ, ಆ ನಿದಾನವು ರೋಗಿಯ ಪ್ರಾಣಕ್ಕೆ ಒದಗುವುದು ತೀರ ಅಪರೂಪ.

ಕಡಿತವೇ ಇಲ್ಲದವನಲ್ಲಿ ಜಲತ್ರಾಸ ಕಂಡರೂ ಅಸಾಧ್ಯವೆನ್ನುವ ವಾಕ್ಯವು ಮೇಲ್ನೋಟಕ್ಕೆ ಅಸಂಗತವೆನಿಸಬಹುದು. ರೋಗಿಯೇ ಮರೆತುಬಿಟ್ಟ ಒಂದು ಸಣ್ಣ ಗೀರಿನಿಂದಲೂ ರೋಗವು ಬರಬಲ್ಲುದಾದ್ದರಿಂದ, ಅದನ್ನು ಪ್ರಕ್ಷಿಪ್ತವೆಂದು ಕಳೆಯುವ ಮುನ್ನ ಸಂಪಾದಕರು ತಡೆದು ನೋಡುವುದು ಯುಕ್ತ.