ಹುಲ್ಲಿನ ಮೇಲಿನ ರೋಡಿಯೋ

ದನಗಾಹಿಗಳ ಕಸುಬಿನಿಂದ ಹುಟ್ಟಿದ ರೋಡಿಯೋ ಆಟಗಳನ್ನು ನೋಡಿ ಅಭ್ಯಾಸವಿದ್ದವರಿಗೂ ಪೆಂಡಲ್ಟನ್ ಮೊದಲ ನೋಟದಲ್ಲಿ ಬೆರಗು ಹುಟ್ಟಿಸುತ್ತದೆ. ಅಮೆರಿಕದ ಬಹುಪಾಲು ರೋಡಿಯೋ ಕಣಗಳಲ್ಲಿ ಹದ ಮಾಡಿ ಹರಡಿದ ಮಣ್ಣಿರುತ್ತದೆ. ಆರಿಗನ್ ರಾಜ್ಯದ ಈಶಾನ್ಯಕ್ಕಿರುವ ಈ ಊರಿನ ಕಣದ ತುಂಬ ಹಸಿರು ಹುಲ್ಲು. ಸುತ್ತಲಿನ ಓಟದ ಹಾದಿಯಲ್ಲಷ್ಟೇ ಮಣ್ಣು. ಕಣ್ಣಿಗೆ ಹಿತ, ಕುದುರೆಯ ಕಾಲಿಗೆ ಕಷ್ಟ. ಎಳೆ ಹೋರಿಯನ್ನು ಅಟ್ಟಿಕೊಂಡು ನಾಗಾಲೋಟದಲ್ಲಿ ಬರುವ ಕುದುರೆ ಮಣ್ಣಿನ ಹಾದಿ ದಾಟಿ ಹುಲ್ಲಿಗೆ ಕಾಲಿಟ್ಟ ಕ್ಷಣದಲ್ಲೇ ತನ್ನ ಹೆಜ್ಜೆಯ ಲೆಕ್ಕ ಬದಲಿಸಬೇಕು. ಬದಲಿಸದಿದ್ದರೆ ಜಾರುತ್ತದೆ. ಬೇರೆ ಕಡೆ ಗೆದ್ದು ಬಂದ ಸವಾರರು ಇಲ್ಲಿ ಸೋಲುವುದು ಎಷ್ಟೋ ಸಲ ಈ ಹುಲ್ಲಿನಿಂದಲೇ. ಆದರೆ ಹಿಂದೆ ತೆರೆದ ಬಯಲಿನಲ್ಲಿ ದನ ಕಾಯುತ್ತಿದ್ದವನಿಗೆ ಸಿಗುತ್ತಿದ್ದದ್ದು ಇಂಥದೇ ನೆಲ. ಹುಲ್ಲನ್ನು ಕಿತ್ತು ಮಣ್ಣು ಹಾಕಿದರೆ ಆಟ ಸುಲಭವಾಗುತ್ತದೆ, ದಾಖಲೆಗಳೂ ಮುರಿಯುತ್ತವೆ. ಊರಿನವರು ಹಾಗೆ ಮಾಡಿಲ್ಲ. ಒಂದು ಪರಂಪರೆಯನ್ನು ಕಾಪಾಡುವವರ ಮೇಲೆ ನನಗೆ ನಂಬಿಕೆ ಹುಟ್ಟುವುದು ಇಂಥ ಕಡೆ. ಅನುಕೂಲ ಕಣ್ಣೆದುರಿಗಿದ್ದರೂ ಬೇಡವೆನ್ನಬಲ್ಲವರು ಅವರು.

ಈ ಊರಿನ ರೋಡಿಯೋ ಉತ್ಸವವಾದ ಪೆಂಡಲ್ಟನ್ ರೌಂಡಪ್ ಹುಟ್ಟಿದ್ದು 1910ರಲ್ಲಿ. ಅದಕ್ಕೂ ಹಿಂದಿನ ವರ್ಷ ಜುಲೈ 4ರ ಸ್ವಾತಂತ್ರ್ಯ ದಿನದಂದು ಊರಿನಲ್ಲಿ ಕುದುರೆ ಪಳಗಿಸುವ ಪಂದ್ಯ, ಓಟ, ಮೂಲನಿವಾಸಿಗಳ ನೃತ್ಯ ಎಲ್ಲ ನಡೆದು ಜನಕ್ಕೆ ಬಹಳ ಹಿಡಿಸಿತ್ತು. ಅದನ್ನು ವರ್ಷ ವರ್ಷವೂ ನಡೆಸೋಣವೆಂದು ವಕೀಲ ರಾಯ್ ರೇಲಿ ಮತ್ತು ಸಂಗಡಿಗರು ಲಾಭದ ಉದ್ದೇಶವಿಲ್ಲದ ಸಂಘವೊಂದನ್ನು ಕಟ್ಟಿದರು. ಸೆಪ್ಟೆಂಬರ್ 29ರಂದು ಮೊದಲ ಆಟ ನಡೆದಾಗ ಊರಿನ ಅಂಗಡಿಗಳು ಬಾಗಿಲು ಹಾಕಿದವು. ಸುಮಾರು 7,000 ಜನ ಬಂದರು, ಮರದ ಹಲಗೆಯ ಆಸನಗಳು ಸಾಲದೆ ಹೋದವು.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. 1910ರ ಹೊತ್ತಿಗೆ ಆ ಸೀಮೆಯಲ್ಲಿ ತೆರೆದ ಹುಲ್ಲುಗಾವಲಿನ ಕಾಲ ಮುಗಿಯುತ್ತ ಬಂದಿತ್ತು. ಮುಳ್ಳುತಂತಿಯ ಬೇಲಿ ಬಂದು ದಶಕಗಳೇ ಆಗಿದ್ದವು. ಸುತ್ತಲಿನ ಗುಡ್ಡಗಳಲ್ಲಿ ಗೋಧಿ ಬೆಳೆಯುತ್ತಿತ್ತು, ಊರಿನಲ್ಲಿ ಕುರಿಯುಣ್ಣೆಯ ಕಂಬಳಿ ನೇಯುವ ಗಿರಣಿ ನಡೆಯುತ್ತಿತ್ತು. ಸಾವಿರಾರು ದನಗಳನ್ನು ಬಯಲಿನಿಂದ ಒಟ್ಟುಗೂಡಿಸಿ, ಮುದ್ರೆ ಹಾಕಿ, ರೈಲಿನವರೆಗೆ ಹೊಡೆದುಕೊಂಡು ಹೋಗುತ್ತಿದ್ದ ಕೆಲಸ ಕಣ್ಣೆದುರೇ ಮರೆಯಾಗುತ್ತಿತ್ತು. ಅಂದರೆ ರೌಂಡಪ್ ಶುರುವಾದಂದೇ ಅದು ನೆನಪಿನ ಹಬ್ಬವಾಗಿತ್ತು. ಆದರೆ ನೆನಪು ಇನ್ನೂ ಬಿಸಿಯಾಗಿತ್ತು. ಕಣಕ್ಕಿಳಿದವರು ಆ ಕೆಲಸವನ್ನು ಹೊಟ್ಟೆಪಾಡಿಗಾಗಿ ಮಾಡಿದವರು, ತಪ್ಪು ಮಾಡಿದರೆ ಕೂಗಿ ಹೇಳಬಲ್ಲವರು ಆಸನಗಳಲ್ಲಿ ಕುಳಿತಿದ್ದರು. ಕೆಲಸ ಪೂರ್ತಿ ಸತ್ತ ಮೇಲೆ ಪುಸ್ತಕ ನೋಡಿ ಕಟ್ಟಿದ ಉತ್ಸವಕ್ಕೂ ಕೆಲಸ ಬಲ್ಲವರು ಬದುಕಿರುವಾಗಲೇ ಕಟ್ಟಿದ ಉತ್ಸವಕ್ಕೂ ಇರುವ ಅಂತರ ಇವತ್ತಿಗೂ ಅಲ್ಲಿ ಕಾಣುತ್ತದೆ.

ಜೀನು ಹಾಕಿದ ಕಾಡುಕುದುರೆಯ ಸವಾರಿಯನ್ನೇ ತೆಗೆದುಕೊಳ್ಳಿ. ರೋಡಿಯೋದ ಆಟಗಳಲ್ಲಿ ಇದೇ ಎಲ್ಲಕ್ಕಿಂತ ಸೊಗಸಾದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೂಳಿ ಸವಾರಿಗೆ ಜನ ಹೆಚ್ಚು ಕೂಗುತ್ತಾರೆ, ನಿಜ. ಆದರೆ ಅಲ್ಲಿರುವುದು ಹಿಡಿದುಕೊಳ್ಳುವ ಛಲ. ಇಲ್ಲಿರುವುದು ಲಯ. ಸವಾರನ ಕೈಯಲ್ಲಿ ಹೆಣೆದ ದಪ್ಪ ಹಗ್ಗ ಒಂದೇ, ಅದೂ ಒಂದೇ ಕೈಯಲ್ಲಿ. ಇನ್ನೊಂದು ಕೈ ಕುದುರೆಗಾಗಲಿ ಜೀನಿಗಾಗಲಿ ತಗುಲಿದರೆ ಆಟ ಮುಗಿಯಿತು. ಕುದುರೆ ಕಟಾಂಜನದಿಂದ ಹೊರಬಿದ್ದು ಮೊದಲ ನೆಗೆತ ನೆಗೆದು ಮುಂಗಾಲು ಊರುವಾಗ ಅವನ ಎರಡೂ ಹಿಮ್ಮಡಿಗಳು ಅದರ ಭುಜಕ್ಕಿಂತ ಮೇಲಿರಬೇಕು. ಕೂರಬೇಕಾದದ್ದು ಎಂಟು ಸೆಕೆಂಡು. ಒಟ್ಟು ನೂರು ಅಂಕಗಳಲ್ಲಿ ಅರ್ಧ ಸವಾರನಿಗೆ, ಅರ್ಧ ಕುದುರೆಗೆ. ಮೆತ್ತಗೆ ನೆಗೆಯುವ ಕುದುರೆಯ ಮೇಲೆ ಎಷ್ಟು ಚೆನ್ನಾಗಿ ಕೂತರೂ ದೊಡ್ಡ ಅಂಕ ಬರುವುದಿಲ್ಲ. ಹೊಸದಾಗಿ ನೋಡುವವರು ಸವಾರನ ಮುಖ ನೋಡುತ್ತಾರೆ. ನೋಡಬೇಕಾದದ್ದು ಅವನ ಪಾದಗಳನ್ನು: ಕುದುರೆಯ ಮುಂಗಾಲು ನೆಲ ಮುಟ್ಟುವಾಗ ಅವು ಭುಜದ ಹತ್ತಿರ, ಹಿಂಗಾಲು ಗಾಳಿಗೆ ಝಾಡಿಸುವಾಗ ಜೀನಿನ ಹಿಂಬದಿಗೆ. ಜೋಕಾಲಿ ಜೀಕುವವನ ಕಾಲಿನ ಹಾಗೆ ಅದು ಹೋಗಿ ಬರುತ್ತಿದ್ದರೆ, ಗಂಟೆ ಬಾರಿಸುವ ಮೊದಲೇ ಅಂಕ ಎಷ್ಟೆಂದು ಅಂದಾಜು ಮಾಡಬಹುದು.

ಈ ಊರಿನ ಅತಿ ದೊಡ್ಡ ಕಥೆಯೂ ಇದೇ ಆಟದ್ದು. 1911ರಲ್ಲಿ ಕೊನೆಯ ಸುತ್ತಿಗೆ ಮೂವರು ಉಳಿದರು: ಬಿಳಿಯ ಜಾನ್ ಸ್ಪೇನ್, ಕರಿಯ ಜಾರ್ಜ್ ಫ್ಲೆಚರ್, ನೆಜ್ ಪರ್ಸ್ ಬುಡಕಟ್ಟಿನ ಜ್ಯಾಕ್ಸನ್ ಸನ್‌ಡೌನ್. ಬಹುಮಾನ ಒಂದು ಜೀನು. ಫ್ಲೆಚರ್ ಕುದುರೆ ಏರುವುದನ್ನು ಕಲಿತದ್ದು ಊರಿನ ಪಕ್ಕದ ಉಮಟಿಲ್ಲಾ ಬುಡಕಟ್ಟುಗಳ ನಡುವೆ ಬೆಳೆಯುತ್ತ. ಆವತ್ತಿನ ಸವಾರಿ ಅವನದೇ ಎಂದು ಕುಳಿತವರಿಗೆಲ್ಲ ಅನ್ನಿಸಿತು. ತೀರ್ಪುಗಾರರು ಜೀನನ್ನು ಸ್ಪೇನ್‌ಗೆ ಕೊಟ್ಟರು. ಆಗ ಷೆರಿಫ್ ಟಿಲ್ ಟೇಲರ್ ಫ್ಲೆಚರನ ಟೋಪಿ ಇಸಿದುಕೊಂಡು ತುಂಡು ತುಂಡು ಮಾಡಿ ಜನಕ್ಕೆ ಮಾರಿದರು. ಬಂದ ಹಣದಲ್ಲಿ ಫ್ಲೆಚರ್ ಜೀನು ಕೊಳ್ಳುವಷ್ಟಾಯಿತು. ಜನರ ಪಾಲಿಗೆ ಗೆದ್ದವನು ಅವನೇ ಆದ.

ಟೋಪಿಯ ಕಥೆ ಎಲ್ಲರೂ ಹೇಳುತ್ತಾರೆ, ಏಕೆಂದರೆ ಅದು ಹೇಳಲು ಚೆಂದ. ಆದರೆ ಟೋಪಿಯ ಚೂರು ಮಾರಿದ್ದರಿಂದ ತೀರ್ಪು ಬದಲಾಗಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಕಣದ ಹೊರಗೆ ಆ ಕಾಲದ ಅಮೆರಿಕದಲ್ಲಿ ಕರಿಯನೊಬ್ಬನಿಗೆ ದೊರೆಯುತ್ತಿದ್ದ ನ್ಯಾಯವೇ ಕಣದ ಒಳಗೂ ದೊರೆಯಿತು. ಊರು ಇದನ್ನು ಮುಚ್ಚಿಟ್ಟಿಲ್ಲ ಎನ್ನುವುದು ನನಗೆ ದೊಡ್ಡ ಮಾತು. ಉತ್ಸವದ ವಸ್ತುಸಂಗ್ರಹಾಲಯ ಗೌರವಿಸಿದವರ ಪಟ್ಟಿಯಲ್ಲಿ ಫ್ಲೆಚರ್ ಇದ್ದಾನೆ. ಮುಖ್ಯ ಬೀದಿಯಲ್ಲಿ ಅವನ ಕಂಚಿನ ಪ್ರತಿಮೆ ನಿಂತಿದೆ. ಕಾದಂಬರಿಕಾರ ಕೆನ್ ಕೀಸಿ 1994ರಲ್ಲಿ ಈ ಮೂವರ ಮೇಲೆಯೇ ಒಂದು ಕಾದಂಬರಿ ಬರೆದರು.

ಸನ್‌ಡೌನ್ ಮತ್ತೆ ಮತ್ತೆ ಬಂದ. ಅವನು ನೆಜ್ ಪರ್ಸ್ ನಾಯಕ ಜೋಸೆಫ್‌ನ ಬಂಧು. 1877ರಲ್ಲಿ ಅಮೆರಿಕದ ಸೇನೆ ಅವನ ಜನರನ್ನು ಬೆನ್ನಟ್ಟಿದಾಗ ಇನ್ನೂ ಹುಡುಗ. ಕೆನಡಾದ ಗಡಿ ದಾಟಿ ಜೀವ ಉಳಿಸಿಕೊಂಡವನು. 1915ರಲ್ಲಿ ಮೂರನೆಯವನಾಗಿ ನಿಂತು, ಇನ್ನು ಸಾಕೆಂದುಕೊಂಡ. ಶಿಲ್ಪಿ ಅಲೆಕ್ಸಾಂಡರ್ ಫಿಮಿಸ್ಟರ್ ಪ್ರಾಕ್ಟರ್ ಒತ್ತಾಯಿಸಿ 1916ರಲ್ಲಿ ಮತ್ತೊಮ್ಮೆ ಇಳಿಸಿದರು. ಅವನಿಗೆ ಆಗ ಐವತ್ತು ದಾಟಿತ್ತು. ತನಗಿಂತ ಅರ್ಧ ವಯಸ್ಸಿನವರ ನಡುವೆ ಗೆದ್ದ. ತನ್ನ ನೆಲದಿಂದ ಓಡಿಸಿದವರ ಉತ್ಸವದಲ್ಲಿ, ಅವರದೇ ನಿಯಮಕ್ಕೆ ಒಪ್ಪಿ, ಅವರದೇ ತೀರ್ಪುಗಾರರ ಮುಂದೆ ಪಡೆದ ಗೆಲುವು ಅದು. ರೌಂಡಪ್‌ನ ನೂರಾರು ವಿಜೇತರಲ್ಲಿ ನನಗೆ ಅತಿ ಪ್ರಿಯನಾದವನು ಇವನು.

ಬುಡಕಟ್ಟುಗಳ ಮಾತು ಬಂದಾಗ ಇನ್ನೂ ಸ್ವಲ್ಪ ಹೇಳಲೇಬೇಕು. ಕೈಯೂಸ್, ಉಮಟಿಲ್ಲಾ, ವಾಲಾ ವಾಲಾ ಜನರು 1855ರ ಒಪ್ಪಂದದಲ್ಲಿ ಅಪಾರ ನೆಲ ಬಿಟ್ಟುಕೊಟ್ಟು ಪೆಂಡಲ್ಟನ್ ಪಕ್ಕದ ಮೀಸಲು ಪ್ರದೇಶಕ್ಕೆ ಸೇರಿದವರು. ಕುದುರೆಯ ವಿದ್ಯೆ ಅವರಲ್ಲಿ ಬಿಳಿಯರು ಬರುವ ಮೊದಲೇ ಹಣ್ಣಾಗಿತ್ತು. ಮೊದಲ ವರ್ಷದಿಂದಲೂ ಅವರು ಉತ್ಸವಕ್ಕೆ ಬಂದು ಕಣದ ಪಕ್ಕದ ಬಯಲಿನಲ್ಲಿ ಶಂಕುವಿನಾಕಾರದ ಟೀಪೀ ಗುಡಾರಗಳನ್ನು ಹಾಕುತ್ತ ಬಂದಿದ್ದಾರೆ. ಈಗ ಮುನ್ನೂರಕ್ಕೂ ಹೆಚ್ಚು ಗುಡಾರಗಳೇಳುತ್ತವೆ. ಸರ್ಕಾರ ಅವರ ನೃತ್ಯ, ಆಚರಣೆಗಳನ್ನು ಅಪರಾಧವೆಂದು ಕಂಡ ಕಾಲದಲ್ಲಿ ಅಜ್ಜಿ ಹೊಲಿದ ಉಡುಪು ತೊಟ್ಟು ಎಲ್ಲರೆದುರು ಕುಣಿಯಲು ಸಿಕ್ಕ ಕೆಲವೇ ಜಾಗಗಳಲ್ಲಿ ಇದೂ ಒಂದು. ಬಿಳಿಯರಿಗೆ ಅದು ನೋಟ, ಅವರಿಗೆ ಉಳಿವು. ಈ ಎರಡೂ ಒಂದೇ ಬಯಲಿನಲ್ಲಿ ನಡೆದವು ಎಂಬ ಇಕ್ಕಟ್ಟನ್ನು ನಾನು ಸರಳ ಮಾಡಿ ಹೇಳಲಾರೆ.

ರಾತ್ರಿಯ ಹೊತ್ತು ‘ಹ್ಯಾಪಿ ಕ್ಯಾನ್ಯನ್’ ಎಂಬ ಬಯಲುನಾಟಕ ನಡೆಯುತ್ತದೆ. ಅದನ್ನು ಬರೆದವರೂ ರೇಲಿಯವರೇ. ಮೂಲನಿವಾಸಿಗಳ ಭಾಗವನ್ನು ಬರೆದದ್ದು ಕೈಯೂಸ್ ಮಹಿಳೆ ಅನಾ ಮಿಂಥಾರ್ನ್ ವನಾಸೇ. 1916ರಿಂದ ಹೆಚ್ಚು ಕಡಿಮೆ ಅದೇ ಕಥೆ. ಪಾತ್ರಗಳು ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುತ್ತವೆ. ಬಡಗಿ, ಶಿಕ್ಷಕಿ, ಗೋಧಿ ಬೆಳೆಗಾರ, ಯಾರಾದರೂ ಸರಿ, ಆ ವಾರ ವೇಷ ಕಟ್ಟುತ್ತಾರೆ. ನಾಟಕವೆಂದು ನೋಡಿದರೆ ಅದರಲ್ಲಿ ಹಳತಾದ ಹಾಸ್ಯವೂ ಇದೆ, ಉದ್ದವೂ ಆಯಿತು ಅನ್ನಿಸುತ್ತದೆ. ಆದರೆ ಪಾತ್ರ ಮನೆತನದ ಆಸ್ತಿಯಾದರೆ ಏನಾಗುತ್ತದೆಂದು ತಿಳಿಯಲು ಅದನ್ನು ನೋಡಬೇಕು.

ಇಡೀ ರೌಂಡಪ್ಪೇ ಹೀಗೆ ನಡೆಯುತ್ತದೆ. ಊರಿನ ಜನಸಂಖ್ಯೆ ಸುಮಾರು 17,000. ಸಂಘದ ನಿರ್ದೇಶಕರು ಸಂಬಳವಿಲ್ಲದೆ ದುಡಿಯುತ್ತಾರೆ. ಗೇಟು ಕಾಯುವುದರಿಂದ ಮೆರವಣಿಗೆಯ ಗಾಡಿ ಹೂಡುವವರೆಗೆ ಸ್ವಯಂಸೇವಕರದೇ ಕೈ. ಶುಕ್ರವಾರದ ಮೆರವಣಿಗೆಯಲ್ಲಿ ಎಂಜಿನ್ ಇರುವ ಒಂದು ವಾಹನಕ್ಕೂ ಪ್ರವೇಶವಿಲ್ಲ: ಕುದುರೆ, ಹೇಸರಗತ್ತೆ, ಎತ್ತು, ಕಾಲ್ನಡಿಗೆ ಅಷ್ಟೆ. ಗಾಡಿಗೆ ಪ್ರಾಣಿ ಹೂಡಬಲ್ಲವರು ಊರಿನಲ್ಲಿ ಉಳಿದಿರುವುದಕ್ಕೆ ಆ ಒಂದು ನಿಯಮವೂ ಕಾರಣ. 1940ರಲ್ಲಿ ಪ್ರೇಕ್ಷಕರ ಅಟ್ಟಣೆ ಬೆಂಕಿಗೆ ಸಿಕ್ಕಿ ಸುಟ್ಟಾಗಲೂ ಆ ವರ್ಷದ ಆಟ ನಿಲ್ಲಲಿಲ್ಲ. ನಿಂತದ್ದು ಮಹಾಯುದ್ಧದ 1942, 1943ರಲ್ಲಿ, ಮತ್ತೆ ಕೋವಿಡ್‌ನ 2020ರಲ್ಲಿ.

ನನಗೆ ಒಪ್ಪದ ಒಂದು ಆಟವೂ ಇಲ್ಲಿದೆ. ಓಡುವ ಹೋರಿಯ ಕೊಂಬಿಗೆ ಕುಣಿಕೆ ಹಾಕಿ, ಹಗ್ಗವನ್ನು ಅದರ ಮೈ ಬಳಸಿ ಹಾಯಿಸಿ, ಕುದುರೆಯ ಬಲದಿಂದ ಎಳೆದು ಕೆಡವುವ ಪಂದ್ಯ. ಬಹುಪಾಲು ರೋಡಿಯೋಗಳಲ್ಲಿ ಇದನ್ನು ಆಡಿಸುವುದೇ ಇಲ್ಲ, ಪೆಂಡಲ್ಟನ್‌ನಲ್ಲಿ ಉಳಿದಿದೆ. ಬಯಲಿನಲ್ಲಿ ಗಾಯಗೊಂಡ ರಾಸಿಗೆ ಮದ್ದು ಹಾಕಲು ಒಬ್ಬನೇ ಇರುವ ದನಗಾಹಿಗೆ ಇದು ಬೇಕಾಗಿತ್ತು ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಮದ್ದು ಹಾಕುವ ಕೆಲಸವೇ ಇಲ್ಲದ ಕಡೆ, ಗಡಿಯಾರದ ಎದುರು, ಅಷ್ಟು ಜೋರಾಗಿ ರಾಸನ್ನು ನೆಲಕ್ಕೆ ಅಪ್ಪಳಿಸುವುದನ್ನು ಪರಂಪರೆ ಎಂದು ನಾನು ಒಪ್ಪುವುದಿಲ್ಲ. ಸಂಘ ಹಿಂದೆಯೂ ಆಟಗಳ ಪಟ್ಟಿಯನ್ನು ಬದಲಿಸಿದೆ. 1929ರಲ್ಲಿ ಬಾನಿ ಮಕ್ಯಾರಲ್ ಎಂಬ ಸವಾರಳು ಇದೇ ಕಣದಲ್ಲಿ ಬಿದ್ದು ಆದ ಗಾಯಗಳಿಂದ ತೀರಿಕೊಂಡ ಮೇಲೆ ಹೆಂಗಸರ ಕಾಡುಕುದುರೆ ಸವಾರಿಯನ್ನು ನಿಲ್ಲಿಸಲಾಯಿತು. ಪೀಪಾಯಿಗಳನ್ನು ಸುತ್ತಿಬರುವ ಹೆಂಗಸರ ಓಟ 2000ದಲ್ಲಿ ಸೇರಿತು. ಹೆಂಗಸರನ್ನು ಹೊರಗಿಡಲು ಪಟ್ಟಿ ಬದಲಿಸಬಹುದಾಗಿದ್ದರೆ ಹೋರಿಯ ಬೆನ್ನೆಲುಬಿನ ಸಲುವಾಗಿಯೂ ಬದಲಿಸಬಹುದು.

ಗೂಳಿ ಸವಾರಿಯ ಕಟಾಂಜನದ ಬಳಿ ಕನ್ನಡಿಗರು ಒಂದು ಕ್ಷಣ ನಿಂತು ಗೂಳಿಗಳ ಹೆಗಲ ಮೇಲಿನ ಹಿಣಿಲನ್ನು ನೋಡಬೇಕು. ಯುರೋಪಿನ ದನಗಳಿಗೆ ಹಿಣಿಲಿಲ್ಲ. ಅದು ಅಮೆರಿಕನ್ ಬ್ರಾಹ್ಮನ್ ತಳಿಯಿಂದ ಬಂದದ್ದು; ಆ ತಳಿ ಹುಟ್ಟಿದ್ದು ಭಾರತದಿಂದ ಹೋದ ಗೀರ್, ಕಾಂಕ್ರೇಜ್, ಓಂಗೋಲ್ ಮತ್ತು ನಮ್ಮ ಕೃಷ್ಣಾ ಕಣಿವೆಯ ರಾಸುಗಳಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆಭೂಮಿ ಉಳಲು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಭಾರಿ ಮೈಕಟ್ಟಿನ ತಳಿ ಅದು. ಅದರ ರಕ್ತ ಅಲ್ಲಿ ಸವಾರರನ್ನು ಗಾಳಿಗೆ ಎಸೆಯುತ್ತಿದೆ. ಕೃಷ್ಣೆಯ ದಡದಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಸಾಕುವ ಮನೆಗಳು ಬೆರಳೆಣಿಕೆಗೆ ಇಳಿಯುತ್ತಿವೆ. ಅಲ್ಲಿನ ಎಂಥ ಗಟ್ಟಿ ಎತ್ತಿಗೂ ಗೇಯ್ಮೆಯಿಲ್ಲದೆ ಬೆಲೆಯಿಲ್ಲ.

ಪೋರ್ಟ್‌ಲ್ಯಾಂಡ್, ಸಿಯಾಟಲ್ ಕಡೆಯ ಕನ್ನಡಿಗರಿಗೆ ಒಂದು ಮಾತು. ರೌಂಡಪ್ ನಡೆಯುವುದು ಸೆಪ್ಟೆಂಬರ್‌ನ ಎರಡನೆಯ ಪೂರ್ಣ ವಾರ, ಆಟ ಬುಧವಾರದಿಂದ ಶನಿವಾರದವರೆಗೆ. ಪೋರ್ಟ್‌ಲ್ಯಾಂಡಿನಿಂದ ಕೊಲಂಬಿಯಾ ನದಿಯ ಜೊತೆಜೊತೆಗೇ ಸುಮಾರು ಮೂರೂವರೆ ಗಂಟೆಯ ದಾರಿ. ಶನಿವಾರದ ಕೊನೆಯ ಸುತ್ತಿಗೆ ಜನ ನುಗ್ಗುತ್ತಾರೆ. ಆಟ ಕಲಿಯಬೇಕೆನ್ನುವವರು ಬುಧವಾರ ಹೋಗಿ, ಕಟಾಂಜನಕ್ಕೆ ಹತ್ತಿರದ ಆಸನ ಹಿಡಿಯುವುದು ಒಳ್ಳೆಯದು. ಜೀನಿಲ್ಲದ ಕುದುರೆಯಿಂದ ಕುದುರೆಗೆ ಹಾರಿ ಓಡುವ ಬುಡಕಟ್ಟು ಯುವಕರ ರಿಲೇ ಓಟವನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬೇಡಿ. ರಾತ್ರಿಯ ನಾಟಕಕ್ಕೆ ಟಿಕೆಟ್ ಬೇರೆ.