ಮೊದಲು ಕಾಲು ನೋಡಿ

ಮೈಲಾರದ ಜಾತ್ರೆಯಲ್ಲಿ ಮೈಲಾರಲಿಂಗನ ಭಕ್ತರಾದ ಗೊರವರು ಕುಣಿಯಲು ನಿಂತರೆ ಸುತ್ತ ಮೊಬೈಲುಗಳೇ ಮೊಬೈಲುಗಳು. ಸಂಜೆಯೊಳಗೆ ಅದೆಲ್ಲ ರೀಲ್ಸ್ ಆಗಿಬಿಡುತ್ತದೆ. ಕುಣಿತವನ್ನು ಸ್ಲೋ ಮೋಷನ್ನಿಗೆ ಎಳೆದು, ಡಮರುವಿನ ಸದ್ದನ್ನು ಕಿತ್ತುಹಾಕಿ, ಅದರ ಜಾಗಕ್ಕೆ ಯಾವುದೋ ಸಿನಿಮಾದ ಹಿನ್ನೆಲೆ ಸಂಗೀತ ತುಂಬಿರುತ್ತಾರೆ. ಹೆಜ್ಜೆ ಹುಟ್ಟಿದ್ದು ಡಮರುವಿನಿಂದ. ಈಗ ಅದು ಬೀಳುವುದು ಗೊತ್ತುಗುರಿಯಿಲ್ಲದ ಕಡೆ. ಸಾವಿರ ಜನ ಅದನ್ನು ನೋಡಿ ಮೆಚ್ಚುತ್ತಾರೆ. ಕಾಲು ಒಂದು ದಾರಿ, ತಾಳ ಇನ್ನೊಂದು ದಾರಿ ಹಿಡಿದಿದೆ ಎಂಬುದು ಒಬ್ಬರ ಕಣ್ಣಿಗೂ ಚುಚ್ಚುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಹಾಗಾಗಿಯೇ ಹಡಗಲಿ ಕಡೆಯ ನಾಲ್ಕಾರು ಹುಡುಗರು ಬಂದು, ಗೊರವಯ್ಯನೊಬ್ಬನ ಹೆಜ್ಜೆಯನ್ನೇ ಇಟ್ಟುಕೊಂಡು ಒಂದೂವರೆ ನಿಮಿಷದ ಸ್ಟಾಪ್ ಮೋಷನ್ ಮಾಡುತ್ತೇವೆ ಅಂದಾಗ ನನಗೆ ಹಿಗ್ಗಾಯಿತು. ಮಣ್ಣಿನ ಗೊಂಬೆಯಲ್ಲ, ಜೀವಂತ ಮನುಷ್ಯನನ್ನೇ ನಿಲ್ಲಿಸಿ, ಸರಿಸಿ, ಒಂದೊಂದೇ ಫೋಟೊ ಹಿಡಿದು ಸಂಗೀತಕ್ಕೆ ಕೂಡಿಸುವ ಕೆಲಸ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾಡುವವರಿಗಿಂತ ನೋಡುವವರಿಗೆ ಇದು ಹೆಚ್ಚು ಬೇಕು.

ಈ ಬಗೆಯ ಚಿತ್ರ ತೋರಿಸಿದರೆ ನಮ್ಮವರು ಮೊದಲು ಕೇಳುವುದು 'ಎಷ್ಟು ಫೋಟೊ?' ಅಂತ. 2009ರಲ್ಲಿ ಬಂದ ಓರೆನ್ ಲಾವಿಯ 'ಹರ್ ಮಾರ್ನಿಂಗ್ ಎಲಿಗೆನ್ಸ್' ಹಾಡಿನ ವಿಡಿಯೊಗೆ 2,096 ಫೋಟೊ ಎಂದೊಡನೆ ಬಾಯಿ ತೆರೆಯುತ್ತಾರೆ. 1986ರ 'ಸ್ಲೆಡ್ಜ್‌ಹ್ಯಾಮರ್' ವಿಡಿಯೊಗಾಗಿ ಪೀಟರ್ ಗೇಬ್ರಿಯಲ್ 16 ಗಂಟೆ ಗಾಜಿನ ಹಲಗೆಯ ಕೆಳಗೆ ಮಲಗಿದ್ದನಂತೆ ಎಂದರೆ ಇನ್ನೂ ಬೆರಗು. ಬೆವರಿನ ಲೆಕ್ಕ ಕೇಳಿ ಚಪ್ಪಾಳೆ ಹೊಡೆಯುವುದು ರಸಿಕತೆಯಲ್ಲ. ಲಾವಿಯ ಚಿತ್ರದಲ್ಲಿ ಹಾಸಿಗೆಯ ಮೇಲೆ ಮಲಗಿದ ಹೆಣ್ಣು ಮಲಗಿದಲ್ಲೇ ಮೆಟ್ಟಿಲಿಳಿಯುತ್ತಾಳೆ, ಬೀದಿಯಲ್ಲಿ ನಡೆಯುತ್ತಾಳೆ. ಮೇಲಿಂದ ನೋಡುವ ಕ್ಯಾಮೆರಾ ಕದಲುವುದಿಲ್ಲ. ಆ ನಡಿಗೆಯಲ್ಲಿ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವುದು ಹಾಡಿನ ಲಯದೊಳಗೇ ಎಂಬುದನ್ನು ಕಂಡವರೆಷ್ಟು ಮಂದಿ?

ಕಾಲು ನೋಡಿ ಎನ್ನುವುದು ಅದಕ್ಕೆ. ಮುಖ ಮೋಸ ಮಾಡುತ್ತದೆ. ನಕ್ಕರೆ, ಅತ್ತರೆ ನಾವು ಮರುಳಾಗುತ್ತೇವೆ. ಪಾದ ಸುಳ್ಳು ಹೇಳಲಾರದು. ಬಡಿತ ಬಿದ್ದ ಗಳಿಗೆಯಲ್ಲಿ ಹಿಮ್ಮಡಿ ನೆಲಕ್ಕೆ ಊರಿತೇ? ಊರುವ ಮುಂಚೆ ಮೊಣಕಾಲು ಬಾಗಿತ್ತೇ? ಊರಿದ ಮೇಲೆ ಸೊಂಟ ಒಂದಿಷ್ಟು ಇಳಿಯಿತೇ? ಇಷ್ಟು ಇಲ್ಲದಿದ್ದರೆ ಅದು ಫೋಟೊಗಳ ಮೆರವಣಿಗೆ, ನೃತ್ಯವಲ್ಲ.

ಇದು ನನಗೆ ಹೊಳೆದದ್ದು ಸಿನಿಮಾದಿಂದಲ್ಲ. ಚಿಕ್ಕಂದಿನಲ್ಲಿ, ಹಗರಿಬೊಮ್ಮನಹಳ್ಳಿ ಕಡೆಯ ನಮ್ಮೂರಿಗೆ ಶಿಳ್ಳೇಕ್ಯಾತರ ತೊಗಲುಗೊಂಬೆ ಮೇಳ ಬಂದಿತ್ತು. ಎಲ್ಲರೂ ಪರದೆಯ ಮುಂದೆ ಕೂತರೆ ನಾನು ಹಿಂದಕ್ಕೆ ನುಸುಳಿದೆ. ಎರಡೂ ಕೈಯಲ್ಲಿ ಗೊಂಬೆ ಹಿಡಿದವನ ಕಾಲಲ್ಲಿ ಗೆಜ್ಜೆ, ಕಾಲ ಕೆಳಗೆ ಮರದ ಹಲಗೆ. ಯುದ್ಧ ಬಂದಾಗ ಆತ ಹಲಗೆ ತುಳಿದ; ಅದೇ ಗಳಿಗೆಗೆ ಪರದೆಯ ಮೇಲೆ ರಾವಣ ನೆಗೆದ. ಗೊಂಬೆ ಕುಣಿಯುವುದು ಕೈಯಿಂದ ಎಂದುಕೊಂಡಿದ್ದೆ. ಕುಣಿತ ಹುಟ್ಟುತ್ತಿದ್ದುದು ಪಾದದಲ್ಲಿ, ಕೈ ಅದನ್ನು ಮೇಲಕ್ಕೆ ಸಾಗಿಸುತ್ತಿತ್ತು ಅಷ್ಟೆ. ಮುಂದೆ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟಗಳನ್ನು ನೋಡಿದಾಗ ಕಣ್ಣು ತಾನಾಗಿ ಗೊಂಬೆಯ ಕಾಲಿಗೆ ಹೋಗುತ್ತಿತ್ತು. ಪರದೆಯ ಮೇಲೆ ಅವರ ಗಾಂಧಿ ಬಂದಾಗ ಜನ ಗುರುತು ಹಿಡಿದದ್ದು ಚಹರೆಯನ್ನು. ನಾನು ಹಿಡಿದದ್ದು ನಡಿಗೆಯನ್ನು. 2023ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬಳ್ಳಾರಿ ಸೀಮೆ ಅವರನ್ನು ಕಳೆದುಕೊಂಡದ್ದು ಎಷ್ಟು ದೊಡ್ಡ ನಷ್ಟ ಎಂಬುದು ರೀಲ್ಸ್ ನೋಡುವವರಿಗೆ ತಟ್ಟಿಯೇ ಇಲ್ಲ. ನೆರಳುಗೊಂಬೆ ಸಿನಿಮಾದಲ್ಲೂ ಕುಣಿದಿದೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲೇ ಕತ್ತರಿಸಿದ ನೆರಳುಗೊಂಬೆಗಳನ್ನು ಒಂದೊಂದೇ ಚಿತ್ರವಾಗಿ ಸರಿಸಿ ಪೂರ್ಣಾವಧಿಯ 'ಪ್ರಿನ್ಸ್ ಅಹ್ಮದ್' ಮಾಡಿದಳು. ತೊಗಲುಗೊಂಬೆ ಕಂಡ ನಮಗೆ ಅವಳ ಭಾಷೆ ಹೊಸದೇನಲ್ಲ.

ಈಗ ಎಣಿಕೆಗೆ ಬರೋಣ. ಕ್ಯಾಮೆರಾ ಮುಟ್ಟುವ ಮುಂಚೆ ಸಂಗೀತ ಎಣಿಸಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸೆಕೆಂಡಿಗೆ 24 ಫ್ರೇಮ್ ಇಟ್ಟುಕೊಳ್ಳಿ. ಒಂದು ಫೋಟೊ ಎರಡು ಫ್ರೇಮ್ ನಿಲ್ಲಲಿ, ಸಾಕು. ನಿಮಿಷಕ್ಕೆ 90 ಬಡಿತವಾದರೆ ಒಂದು ಬಡಿತಕ್ಕೆ 16 ಫ್ರೇಮ್, ಅಂದರೆ 8 ಫೋಟೊ. ಚತುರಶ್ರ ನಡೆ ಅದರಲ್ಲಿ ಸಲೀಸಾಗಿ ಕೂರುತ್ತದೆ: ಬಡಿತಕ್ಕೆ ನಾಲ್ಕು ಅಕ್ಷರ, ಅಕ್ಷರಕ್ಕೆ ಎರಡು ಫೋಟೊ. 80 ಬಡಿತವಾದರೆ 18 ಫ್ರೇಮ್, 9 ಫೋಟೊ. ಅದು ತಿಶ್ರಕ್ಕೇ ಹುಟ್ಟಿದ ಸಂಖ್ಯೆ, ಮೂರು ಮೂರಲೆ ಒಂಬತ್ತು. 72 ಬಡಿತವಾದರೆ 10 ಫೋಟೊ, ಖಂಡ ನಡೆಯ ಐದಕ್ಕೆ ಎರಡೆರಡು. ನಮ್ಮ ತಾಳದ ಲೆಕ್ಕವೂ ಕ್ಯಾಮೆರಾದ ಲೆಕ್ಕವೂ ಹೀಗೆ ಕೈಹಿಡಿಯುವುದನ್ನು ಕಂಡಾಗಲೆಲ್ಲ ನನಗೆ ರೋಮಾಂಚನ.

100 ಬಡಿತ ಹಿಡಿದರೆ ತೊಂದರೆ. ಬಡಿತಕ್ಕೆ 14.4 ಫ್ರೇಮ್ ಬರುತ್ತದೆ. ಪುಡಿ ಬಿಟ್ಟು 14 ಎಂದು ನಡೆದರೆ ಅರವತ್ತು ಬಡಿತ ಕಳೆಯುವಷ್ಟರಲ್ಲಿ ಚಿತ್ರ ಸಂಗೀತಕ್ಕಿಂತ ಒಂದು ಪೂರ್ತಿ ಸೆಕೆಂಡು ಮುಂದೆ ಓಡಿರುತ್ತದೆ. ಬಿಡಲಾರದ ಹಾಡಾದರೆ ಐದು ಬಡಿತಕ್ಕೆ 14, 14, 15, 14, 15 ಎಂದು ಹಂಚಿ. ಒಟ್ಟು 72 ಆಗಿ ಸರಿಹೊಂದುತ್ತದೆ. ಇನ್ನೊಂದು: ಡಮರು ಯಂತ್ರವಲ್ಲ. ಕುಣಿತ ಕಾವೇರಿದಂತೆ ಲಯವೂ ಏರುತ್ತದೆ. ಆದ್ದರಿಂದ ಸರಾಸರಿ ನಂಬಬಾರದು. ರೆಕಾರ್ಡಿಂಗನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿ, ಅಲೆಯ ಗೆರೆ ಎದ್ದ ಕಡೆಯೆಲ್ಲ ಫ್ರೇಮ್ ನಂಬರು ಬರೆದುಕೊಳ್ಳಿ. ಹುಡುಗರ ಡಮರು 80ರಲ್ಲಿ ಶುರುವಾಗುತ್ತದೆ. ಅಲ್ಲೇ ನಿಂತರೆ ಒಂದೂವರೆ ನಿಮಿಷಕ್ಕೆ 120 ಬಡಿತ, 1,080 ಫೋಟೊ. ಏರಿದಂತೆ ಬಡಿತ ಹೆಚ್ಚಿ, ಬಡಿತಕ್ಕೆ ಸಿಗುವ ಫೋಟೊ ಕಡಿಮೆಯಾಗುತ್ತದೆ. ಕೊನೆಕೊನೆಗೆ ಹೆಜ್ಜೆಯನ್ನೇ ಸರಳ ಮಾಡಬೇಕು. ಪಾದ ನೆಲಕ್ಕೆ ಬೀಳುವ ಚಿತ್ರವನ್ನು ಸದ್ದಿಗಿಂತ ಒಂದೆರಡು ಫ್ರೇಮ್ ಮುಂಚೆ ಇಡಿ. ಕಣ್ಣು ಅದನ್ನೇ ಸರಿಯೆಂದು ಒಪ್ಪುತ್ತದೆ.

ಭಂಗಿಗಳಿಗೆ ಕುರುವತ್ತಿಗೆ ಹೋಗಿ. ಅಲ್ಲಿನ ಮಲ್ಲಿಕಾರ್ಜುನ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮದನಿಕೆಯರಿದ್ದಾರೆ. ಶಿಲ್ಪಿ ಆರಿಸಿಕೊಂಡದ್ದು ಹೆಜ್ಜೆ ಮುಗಿದ ಗಳಿಗೆಯನ್ನಲ್ಲ, ತಿರುಗಿ ಇನ್ನೊಂದು ಕಡೆ ವಾಲುವ ಗಳಿಗೆಯನ್ನು. ಬಡಿತದ ಮೇಲೆ ಒಂದು ಭಂಗಿ, ಎರಡು ಬಡಿತದ ನಡುವೆ ಇಂಥದ್ದೊಂದು ವಾಲು. ಇವೆರಡನ್ನು ಮೊದಲು ಗೀಚಿಕೊಂಡರೆ ಬಡಿತದ ಒಂಬತ್ತರಲ್ಲಿ ಉಳಿದ ಏಳು ಫೋಟೊ ತಾವಾಗಿ ಹುಟ್ಟುತ್ತವೆ. ಪ್ರವಾಸಿಗರು ಆ ಮದನಿಕೆಯರ ಒಡವೆ ಎಣಿಸಿ ಹಿಂದಿರುಗುತ್ತಾರೆ.

ಹುಡುಗರಿಗೆ ಮೈಲಾರದ ಕಾರ್ಣಿಕವನ್ನೂ ಸೇರಿಸುವ ಆಸೆಯಿತ್ತು. ಗೊರವಯ್ಯ ಬಿಲ್ಲೇರಿ, ಒಂದು ಸಾಲು ನುಡಿದು, ಮೇಲಿಂದ ಧುಮುಕುವ ಆ ಗಳಿಗೆ. ಬೇಡ ಅಂದೆ. ಅದು ದೈವದ ಮಾತು, ನಟಿಸಿ ತೋರಿಸುವಂಥದ್ದಲ್ಲ. ಮೇಲಾಗಿ, ಬೀಳುವ ಮೈಯನ್ನು ಗಾಳಿಯ ನಡುವೆ ನಿಲ್ಲಿಸಿ ಫೋಟೊ ತೆಗೆಯುವುದೆಲ್ಲಿ? ಈ ಕಲೆಗೆ ಒಲಿಯುವುದು ತೇಲುವುದು. ನಾರ್ಮನ್ ಮೆಕ್‌ಲಾರೆನ್ 1952ರ 'ನೇಬರ್ಸ್'ನಲ್ಲಿ ಮನುಷ್ಯರನ್ನು ಹುಲ್ಲಿನ ಮೇಲೆ ತೇಲಿಸಿದ. ನಟರು ಮತ್ತೆ ಮತ್ತೆ ನೆಗೆದರು, ಪ್ರತಿ ನೆಗೆತದ ತುದಿಯಲ್ಲಿ ಒಂದೊಂದು ಫೋಟೊ. ಆಸ್ಕರ್ ಬಂದದ್ದು ಆ ಚಿತ್ರಕ್ಕೇ. ಒಬ್ಬ ಗೊರವಯ್ಯ ಡಮರು ಹಿಡಿದು ನೆಲ ಸೋಕದೆ ಎರಡು ಬಡಿತ ಸಾಗಿ ಮೂರನೆಯದಕ್ಕೆ ಪಾದ ಊರಿದರೆ ಎಂಥ ಸೊಗಸು!

ಉಳಿದದ್ದು ಸಣ್ಣಪುಟ್ಟದ್ದು. ಟ್ರೈಪಾಡಿನ ಕಾಲಿಗೆ ಕಲ್ಲು ಕಟ್ಟಿ. ಫೋಕಸ್ಸು, ಬೆಳಕು ಎರಡನ್ನೂ ಕೈಯಾರೆ ಹೊಂದಿಸಿ. ಪಾದದ ಗುರುತಿಗೆ ಸೀಮೆಸುಣ್ಣ. ನಮ್ಮ ಬಿಸಿಲಲ್ಲಿ ನೆರಳು ಓಡುತ್ತದೆ; ಮೋಡದ ದಿನ ನೋಡಿಕೊಳ್ಳಿ. ನಿಂತವರಿಗೆ ನೀರು, ನೆರಳು, ಬಿಡುವು ಕೊಡಿ.

ನೋಡುವವರು ಮಾತ್ರ ಮೆಕ್‌ಲಾರೆನ್ನನ 'ಎ ಚೇರಿ ಟೇಲ್'ನಿಂದ ಶುರುಮಾಡಲಿ. 1957ರ ಚಿತ್ರ. ಕೂರಲು ಬಂದವನಿಗೆ ಕುರ್ಚಿ ಮಣಿಯುವುದಿಲ್ಲ, ಅಷ್ಟೇ ಕಥೆ; ಸಂಗೀತ ರವಿಶಂಕರ್ ಅವರದು, ತಬಲಾ ಚತುರ್ ಲಾಲ್ ಅವರದು. ಮೊದಲ ಸಲ ಸದ್ದು ಮುಚ್ಚಿ ನೋಡಿ, ಕುರ್ಚಿಯ ಕಾಲನ್ನೂ ಮನುಷ್ಯನ ಕಾಲನ್ನೂ ನೋಡುತ್ತ ತೊಡೆಯ ಮೇಲೆ ತಾಳ ಹಾಕಿ. ಆಮೇಲೆ ಸದ್ದು ತೆರೆದು, ನಿಮ್ಮ ಕೈ ಎಲ್ಲೆಲ್ಲಿ ತಬಲಾದ ಜೊತೆ ಬಿತ್ತು, ಎಲ್ಲೆಲ್ಲಿ ತಪ್ಪಿತು ನೋಡಿಕೊಳ್ಳಿ. ಕೊಟ್ಟೂರಿನ ತೇರಿನಲ್ಲಿ ಸಮಾಳ ಬಾರಿಸುವವರ ಎದುರು ನಿಂತಾಗಲೂ ಹರಪನಹಳ್ಳಿ ಕಡೆಯ ಬಯಲಾಟದಲ್ಲೂ ಇದೇ ಅಭ್ಯಾಸ ಮಾಡಿ, ಮೊಬೈಲು ಜೇಬಿನಲ್ಲೇ ಇರಲಿ. ಹುಡುಗರ ಚಿತ್ರ ಮುಗಿದಾಗ ಹಡಗಲಿಯಲ್ಲಿ ಮೊದಲ ಪ್ರದರ್ಶನ. ಅದನ್ನೂ ಮೊದಲು ಸದ್ದಿಲ್ಲದೆ ತೋರಿಸಲು ಒಪ್ಪಿಸಿದ್ದೇನೆ.